ಇಡ್ಲಿ ಸಿಕ್ಕಿಬಿತ್ತು, ಹಾಳೆ ತಪ್ಪಿಸಿಕೊಂಡಿತು!

2025ರ ಫೆಬ್ರವರಿ ಕೊನೆಯ ವಾರ ರಾಜ್ಯದ ಇಡ್ಲಿಗೆ ಗ್ರಹಚಾರ ಕಾದಿತ್ತು. ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದ ಉದ್ದಗಲಕ್ಕೂ 251 ಕಡೆ ಹೋಗಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಸಿ ನೋಡಿದರು. 52 ಕಡೆ, ಬಟ್ಟೆ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ! ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇದನ್ನು ಬಹಿರಂಗಪಡಿಸಿ, ಪ್ಲಾಸ್ಟಿಕ್‌ನಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ, ಇನ್ನು ಮೇಲೆ ಹೀಗೆ ಬೇಯಿಸುವಂತಿಲ್ಲ, ಬೇಯಿಸಿದರೆ ಕ್ರಮ ಎಂದರು.

ಅದಕ್ಕೆ ಹಿಂದಿನ ವರ್ಷ, 2024ರ ಮಾರ್ಚಿನಲ್ಲಿ, ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣಕ್ಕೆ ಬೀಗ ಬಿದ್ದಿತ್ತು. ಆಮೇಲೆ ಕಬಾಬ್, ಆಮೇಲೆ ಪಾನಿಪುರಿ. ಈಗ ಇಡ್ಲಿ. ಹಾಗೆ ನೋಡಿದರೆ ಗೋಬಿ ತಿನ್ನದವರಿದ್ದಾರೆ, ಕಬಾಬ್ ಮುಟ್ಟದವರಿದ್ದಾರೆ. ಇಡ್ಲಿ ತಿನ್ನದವರು ಯಾರು ಸ್ವಾಮಿ? ಜ್ವರ ಬಂದವರಿಗೆ ಡಾಕ್ಟರು ಹೇಳುವುದು ಇಡ್ಲಿ. ಮುಂಜಾನೆ ಮೊದಲ ಬಸ್ಸಿಗೆ ಓಡಿ ಬರುವವರ ಕೈಯಲ್ಲಿ ಪಾರ್ಸೆಲ್ ಇಡ್ಲಿ. ಅನ್ನ ತಿನ್ನದ ಹಸುಳೆಗೂ ಹಾಲಿಗೆ ಕಿವುಚಿದ ಇಡ್ಲಿ. ಆದ್ದರಿಂದಲೇ ಸುದ್ದಿ ಬಂದ ದಿನ ಬಸ್ ನಿಲ್ದಾಣದ ಸುತ್ತಮುತ್ತ ಬೇರೆ ಮಾತೇ ಇಲ್ಲದಂತಾಯಿತು.

ಮಾತು ಬಹಳ ಆಯಿತು. ಆದರೆ ಎರಡು ಪ್ರಶ್ನೆಗಳು ಹಾಗೇ ಉಳಿದವು. ಆ ಹಾಳೆಯಿಂದ ಇಡ್ಲಿಗೆ ನಿಜವಾಗಿ ಇಳಿಯುವುದೇನು, ಎಷ್ಟು? ಮತ್ತೆ, ಇಡ್ಲಿ ಗಾಡಿಯವನು ಸಿಕ್ಕಿಬಿದ್ದ, ಸರಿ. ಆ ಹಾಳೆಯನ್ನು ಅವನಿಗೆ ಮಾರಿದವರು, ಅದನ್ನು ತಯಾರಿಸಿದವರು ಎಲ್ಲಿ?

ಬಟ್ಟೆ ಹೋಯ್ತು, ಹಾಳೆ ಬಂತು

ಬಟ್ಟೆ ಯಾಕೆ ಹೋಯಿತು ಅನ್ನುವುದನ್ನು ಗಾಡಿಯವರನ್ನೇ ಕೇಳಬೇಕು. ತೆಳುವಾದ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ತಟ್ಟೆಯ ಮೇಲೆ ಹಾಸಿ ಹಿಟ್ಟು ಹುಯ್ಯುವುದು ಹಳೆ ಪದ್ಧತಿ. ಬೆಂದ ಮೇಲೆ ಬಟ್ಟೆ ಸಮೇತ ಎತ್ತಿ, ಕವುಚಿ, ನೀರು ಚಿಮುಕಿಸಿ ಬಿಡಿಸಬೇಕು. ಒಂದೊಂದು ಸಲ ಬೇಯಿಸಿದ ಮೇಲೂ ಬಟ್ಟೆ ತೊಳೆಯಬೇಕು. ಸರಿಯಾಗಿ ತೊಳೆಯದಿದ್ದರೆ ಹಿಟ್ಟು ಹುಳಿತು ನಾತ ಬರುತ್ತದೆ. ಮಳೆಗಾಲದಲ್ಲಿ ಒಣಗುವುದಿಲ್ಲ. ರಸ್ತೆ ಬದಿಯ ಗಾಡಿಗೆ ನಲ್ಲಿ ಎಲ್ಲಿಂದ ಬರಬೇಕು? ಎರಡು ಕೊಡ ನೀರಿನಲ್ಲಿ ತಟ್ಟೆ, ಲೋಟ, ಕೈ ಎಲ್ಲ ಆಗಬೇಕು. ಅದರಲ್ಲಿ ಬಟ್ಟೆ ಒಗೆಯುತ್ತ ಕೂರೋದು ಯಾರು?

ಅಂಥ ಹೊತ್ತಿನಲ್ಲಿ ಬಂದದ್ದು ಹಾಳೆ. ಹಿಟ್ಟು ಅಂಟುವುದಿಲ್ಲ, ಇಡ್ಲಿ ಜಾರಿ ಬರುತ್ತದೆ, ಒರೆಸಿದರೆ ಮತ್ತೆ ರೆಡಿ. ಬಟ್ಟೆಗಿಂತ ಸೋವಿ. ಹೀಗಾಗಿ ಒಬ್ಬನನ್ನು ನೋಡಿ ಇನ್ನೊಬ್ಬ ಶುರು ಮಾಡಿದ. ಗಾಡಿಯವರಷ್ಟೇ ಅಲ್ಲ, ದೊಡ್ಡ ಬೋರ್ಡಿನ ಹೋಟೆಲಿನವರೂ ಇದ್ದರು. ಮೋಸ ಮಾಡಬೇಕು ಅಂತ ಹಾಳೆ ಹಾಕಿದವರು ಕಡಿಮೆ, "ಎಲ್ರೂ ಹಾಕ್ತಾರೆ ಸಾರ್, ಹಾಲು ಬರಲ್ವಾ ಪ್ಲಾಸ್ಟಿಕ್ಕಲ್ಲಿ?" ಅಂತ ಕೇಳುವವರೇ ಜಾಸ್ತಿ.

ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಹಾಲು ಬರುತ್ತದೆ, ಎಣ್ಣೆ ಬರುತ್ತದೆ, ಉಪ್ಪು ಬರುತ್ತದೆ. ಎಲ್ಲ ಪ್ಲಾಸ್ಟಿಕ್ಕಲ್ಲೇ. ಹಾಗಾದರೆ ಇಡ್ಲಿಯದೇನು ಪಾಪ?

ಟ್ರಂಕಿನ ನುಸಿಗುಳಿಗೆ

ಉತ್ತರ ಬೇಕಾದರೆ ಪ್ಲಾಸ್ಟಿಕ್ ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಚ್ಚಬೇಕು. ಪಾಲಿಥೀನ್ ಅನ್ನುವುದು ಉದ್ದುದ್ದ ಸರಪಳಿಗಳ ಗೋಜಲು. ಆ ಸರಪಳಿ ಬಲು ದೊಡ್ಡದು, ಅದು ಊಟಕ್ಕೆ ಇಳಿದು ಬರುವುದಿಲ್ಲ. ಅಪ್ಪಿತಪ್ಪಿ ಒಂದು ಚೂರು ಹೊಟ್ಟೆಗೆ ಹೋದರೂ ಬಹುಪಾಲು ಹೋದ ಹಾಗೇ ಹೊರಗೆ ಬರುತ್ತದೆ. ತಕರಾರಿರುವುದು ಸರಪಳಿಯ ನಡುವೆ ಸಿಕ್ಕಿಕೊಂಡ ಚಿಲ್ಲರೆಗಳ ಬಗ್ಗೆ. ಬಿಸಿಲಿಗೆ ಪುಡಿಯಾಗದಿರಲಿ ಅಂತ ಒಂದು, ಯಂತ್ರಕ್ಕೆ ಅಂಟದಿರಲಿ ಅಂತ ಇನ್ನೊಂದು, ಬಣ್ಣಕ್ಕೆ ಮತ್ತೊಂದು, ಮೆತ್ತಗಾಗಲಿ ಅಂತ ಮಗದೊಂದು. ಇವೆಲ್ಲ ಸಣ್ಣ ಸಣ್ಣ ಅಣುಗಳು. ಸಂದಿ ಸಿಕ್ಕರೆ ಜಾರಿ ಹೊರಬರುತ್ತವೆ.

ಟ್ರಂಕಿನಲ್ಲಿ ನುಸಿಗುಳಿಗೆ ಇಟ್ಟರೆ ಮದುವೆ ಸೀರೆಗೆಲ್ಲ ಅದರ ವಾಸನೆ ಹಿಡಿಯುತ್ತದಲ್ಲ, ಹಾಗೆ. ಗುಳಿಗೆ ಸೀರೆಯೊಳಗೆ ನಡೆದು ಹೋಗಲಿಲ್ಲ, ಆದರೂ ಸೀರೆಗೆ ಹೋಯಿತು. ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ಮೈಗ್ರೇಶನ್, ಅಂದರೆ ವಲಸೆ. ಈ ವಲಸೆಗೆ ಮೂರು ಜನ ದಲ್ಲಾಳಿಗಳು: ಬಿಸಿ, ಎಣ್ಣೆ, ಹುಳಿ. ತಣ್ಣನೆಯ ಹಾಲಿನಲ್ಲಿ ಈ ಮೂವರೂ ಸುಮ್ಮನಿರುತ್ತಾರೆ ಅಂದರೆ ಹೆಚ್ಚು ಕಡಿಮೆ ಸರಿ. ಹಾಲಿನ ಕೊಬ್ಬು ಇದ್ದರೂ ಬಿಸಿ ಇಲ್ಲ. ಇಡ್ಲಿಯಲ್ಲಿ ಹಿಟ್ಟು ಹುಳಿ ಬಂದಿದೆ, ಹಬೆ ನೂರು ಡಿಗ್ರಿ ಮುಟ್ಟಿದೆ. ಇನ್ನು ಕವರಿನಲ್ಲಿ ಕಟ್ಟಿಕೊಡುವ ಕುದಿವ ಸಾಂಬಾರಿನಲ್ಲಂತೂ ಮೂವರೂ ಒಟ್ಟಿಗೆ ಕೂತಿದ್ದಾರೆ. ಬಿಸಿಯೂ ಉಂಟು, ಒಗ್ಗರಣೆ ಎಣ್ಣೆಯೂ ಉಂಟು, ಹುಣಸೆ ಹುಳಿಯೂ ಉಂಟು! ಇಡ್ಲಿ ಹಾಳೆಗೆ ಬಿದ್ದ ಕೂಗಿನ ಕಾಲು ಭಾಗ ಸಾಂಬಾರ್ ಕವರಿಗೆ ಬೀಳಲಿಲ್ಲ ಅನ್ನುವುದೇ ಸೋಜಿಗ.

ಅಳತೆ ಹಾಕುವುದು ಹೇಗೆ?

ಸುರಕ್ಷಿತವೋ ಅಲ್ಲವೋ ಎಂದು ತೀರ್ಮಾನಿಸಲು ದೇಶದಲ್ಲಿ ಕಾನೂನು ಇಲ್ಲ ಅಂತಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಪ್ಯಾಕೇಜಿಂಗ್ ನಿಯಮಾವಳಿ ಹೊರಡಿಸಿತು, 2019ರ ಜುಲೈ 1ರಿಂದ ಅದು ಜಾರಿಗೆ ಬಂತು. ಆಹಾರಕ್ಕೆ ತಾಗುವ ಪ್ಲಾಸ್ಟಿಕ್‌ನಿಂದ ಒಟ್ಟಾರೆ ಇಳಿಯಬಹುದಾದ್ದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ, ಇಲ್ಲವೇ ಒಂದು ಚದರ ಡೆಸಿಮೀಟರ್ ಪ್ಲಾಸ್ಟಿಕ್‌ಗೆ 10 ಮಿಲಿಗ್ರಾಂ. ಕಣ್ಣಿಗೆ ಕಾಣುವ ಬಣ್ಣ ಒಂದು ಚೂರೂ ಬಿಡಕೂಡದು. ಬೇರಿಯಂ, ತಾಮ್ರ, ಸತು, ಕಬ್ಬಿಣ ಮುಂತಾದ ಲೋಹಗಳಿಗೆ ಪ್ರತ್ಯೇಕ ಮಿತಿ. ಆಹಾರಕ್ಕೆ ತಾಗುವ ಪಾಲಿಥೀನ್ ಹೇಗಿರಬೇಕು ಎನ್ನುವುದು ಐಎಸ್ 10146ರಲ್ಲಿದೆ. ಪರೀಕ್ಷೆ ಮಾಡುವ ವಿಧಾನ ಐಎಸ್ 9845ರಲ್ಲಿದೆ.

ಪರೀಕ್ಷೆ ಸ್ವಾರಸ್ಯವಾಗಿದೆ. ಅಲ್ಲಿ ಇಡ್ಲಿಯೂ ಇಲ್ಲ, ಸಾಂಬಾರೂ ಇಲ್ಲ. ಇಡ್ಲಿಯೊಳಗೆ ಮಿಲಿಗ್ರಾಂನ ಸಾವಿರದ ಪಾಲನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಅದಕ್ಕೇ ಅಣಕು ಆಹಾರ ಬಳಸುತ್ತಾರೆ. ಸಪ್ಪೆ ಪದಾರ್ಥಕ್ಕೆ ಬಟ್ಟಿ ಇಳಿಸಿದ ನೀರು, ಹುಳಿಗೆ ಶೇ. 3ರ ಅಸಿಟಿಕ್ ಆಮ್ಲ, ಅಂದರೆ ತೆಳು ವಿನಿಗರ್. ಎಣ್ಣೆ ಪದಾರ್ಥಕ್ಕೆ ಹೆಪ್ಟೇನ್ ಎಂಬ ದ್ರಾವಕ. ಹಾಳೆಯ ತುಂಡನ್ನು ಅದರಲ್ಲಿ ಮುಳುಗಿಸಿ ಇಡುತ್ತಾರೆ. ಕೋಣೆಯ ಬಿಸಿಯಲ್ಲೇ ಬಹಳ ದಿನ ಇಡುವ ಸಾಮಾನಿಗಾದರೆ 40 ಡಿಗ್ರಿಯಲ್ಲಿ ಹತ್ತು ದಿನ. ಬಿಸಿ ಬಿಸಿ ತುಂಬುವಂಥದ್ದಕ್ಕೆ 70 ಅಥವಾ 100 ಡಿಗ್ರಿಯಲ್ಲಿ ಎರಡು ಗಂಟೆ. ಆಮೇಲೆ ದ್ರವ ಆರಿಸಿ ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಅಷ್ಟೇ. ಒಂದೇ ಹಾಳೆ 40 ಡಿಗ್ರಿಯಲ್ಲಿ ಪಾಸಾಗಿ 100ರಲ್ಲಿ ಫೇಲಾಗಬಹುದು. ಆದ್ದರಿಂದ ಅಂಗಡಿಯಲ್ಲಿ "ಫುಡ್ ಗ್ರೇಡ್ ಸಾರ್" ಅಂದಾಗ ಕೇಳಬೇಕಾದ ಮರುಪ್ರಶ್ನೆ: ಎಷ್ಟು ಬಿಸಿಗೆ? ಬೇಳೆಗೆ ಫುಡ್ ಗ್ರೇಡ್ ಆದದ್ದು ಕುದಿವ ರಸಮ್ಮಿಗೆ ಫುಡ್ ಗ್ರೇಡ್ ಆಗಬೇಕೆಂದಿಲ್ಲ.

ಇನ್ನು ಆ 60 ಮತ್ತು 10ರ ಲೆಕ್ಕ. ವ್ಯಾಪಾರಸ್ಥರಿಗೆ ಇದು ತಟ್ಟನೆ ಅರ್ಥವಾದೀತು. ಯೂರೋಪಿನವರು ಹಾಕಿಕೊಂಡ ಹಳೆಯ ಲೆಕ್ಕದಲ್ಲಿ ಒಂದು ಕಿಲೋ ಆಹಾರಕ್ಕೆ ಆರು ಚದರ ಡೆಸಿಮೀಟರ್ ಪ್ಲಾಸ್ಟಿಕ್ ಸುತ್ತಿರುತ್ತದೆ ಎಂದಿದೆ. ಹತ್ತು ಸೆಂಟಿಮೀಟರ್ ಚೌಕದ ಡಬ್ಬವೊಂದನ್ನು ನೆನೆಸಿಕೊಳ್ಳಿ, ಆರು ಮುಖ, ಒಳಗೆ ಒಂದು ಲೀಟರ್. ಆರು ಹತ್ತಲೆ ಅರವತ್ತು. ಅಂಥ ಆಹಾರವನ್ನು 60 ಕಿಲೋ ತೂಕದ ಮನುಷ್ಯ ದಿನಕ್ಕೆ ಒಂದು ಕಿಲೋ ತಿನ್ನುತ್ತಾನೆ ಅಂತಲೂ ಲೆಕ್ಕ.

ಲೆಕ್ಕ ಡಬ್ಬಕ್ಕೆ ಸರಿ. ಇಡ್ಲಿಗೆ? ಇಡ್ಲಿಯ ತಳ ಎಂಟು ಸೆಂಟಿಮೀಟರ್ ಅಗಲ ಅಂದುಕೊಂಡರೆ ಹಾಳೆಗೆ ತಾಗುವ ಜಾಗ ಸುಮಾರು ಅರ್ಧ ಚದರ ಡೆಸಿಮೀಟರ್. ಇಡ್ಲಿ ತೂಕ ಐವತ್ತು ಗ್ರಾಂ. ಅಲ್ಲಿಗೆ ಕಿಲೋ ಇಡ್ಲಿಗೆ ಆರಲ್ಲ, ಹತ್ತು ಚದರ ಡೆಸಿಮೀಟರ್ ಹಾಳೆ ತಾಗಿತು. ಸಾಂಬಾರ್ ಕವರ್ ಇನ್ನೂ ಮುಂದೆ. ಹನ್ನೆರಡು ಸೆಂಟಿಮೀಟರ್ ಅಗಲ, ಹದಿನೆಂಟು ಉದ್ದದ ಪುಟ್ಟ ಕವರಿಗೆ ಕಾಲು ಲೀಟರ್ ಹಾಕಿ ಗಂಟು ಬಿಗಿದರೆ, ಲೀಟರಿನ ಲೆಕ್ಕದಲ್ಲಿ ಹದಿನೇಳು ಚದರ ಡೆಸಿಮೀಟರ್! ಪೊಟ್ಟಣ ಸಣ್ಣದಾದಷ್ಟೂ ಪದಾರ್ಥಕ್ಕಿಂತ ಪ್ಲಾಸ್ಟಿಕ್ಕೇ ಜಾಸ್ತಿ. ಐವತ್ತು ಗ್ರಾಂ ಚಟ್ನಿ ಕಟ್ಟಿಸಿಕೊಂಡು ಹೋಗುವ ನಮ್ಮ ಪದ್ಧತಿ, ಲೆಕ್ಕ ಬರೆದವರ ತಲೆಗೆ ಹೊಳೆದಿರಲಾರದು.

ಹಾಗಂತ ಗಾಬರಿ ಬೀಳುವ ಮೊದಲು ಇನ್ನೊಂದು ಕೂಡಿಸಿ ಕಳೆಯುವುದಿದೆ. 20 ಮೈಕ್ರಾನಿನ ತೆಳು ಹಾಳೆ ಒಂದು ಚದರ ಡೆಸಿಮೀಟರಿಗೆ ತೂಗುವುದೇ 200 ಮಿಲಿಗ್ರಾಂಗಿಂತ ಕಡಿಮೆ. ಇಡ್ಲಿಯ ತಳದಲ್ಲಿರುವ ಅರ್ಧ ಡೆಸಿಮೀಟರ್ ಹಾಳೆ ನೂರು ಮಿಲಿಗ್ರಾಂ ಒಳಗೆ. ಹೊಸ ಕಾಳಿನಿಂದ ಮಾಡಿದ ಒಳ್ಳೆ ಹಾಳೆಯಲ್ಲಿ ಬೆರಕೆ ಪದಾರ್ಥ ಸಾಮಾನ್ಯವಾಗಿ ಸಾವಿರಕ್ಕೆ ಒಂದೆರಡು ಪಾಲು. ಇದ್ದಬದ್ದದ್ದೆಲ್ಲ ಸೋರಿದರೂ ಇಡ್ಲಿಗೆ ಬರುವ ಬೆರಕೆ ಒಂದು ಮಿಲಿಗ್ರಾಂನ ಐದನೇ ಒಂದು ಪಾಲು. ಸೋರುವುದಕ್ಕೆ ಬೇಯುವ ಹತ್ತು ಹದಿನೈದು ನಿಮಿಷ ಸಾಲದು.

ಹಾಗಾದರೆ ಭಯ ಸುಳ್ಳೇ? ಸುಳ್ಳಲ್ಲ. ಈ ಲೆಕ್ಕವೆಲ್ಲ ಹಾಳೆ ಒಳ್ಳೆಯದು ಅನ್ನುವ ನಂಬಿಕೆಯ ಮೇಲೆ ನಿಂತದ್ದು. ಪೇಟೆಯಲ್ಲಿ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುವ ರೋಲು ಹೊಸ ಕಾಳಿನದ್ದೋ, ಗುಜರಿಯಿಂದ ಬಂದ ಹಳೇ ಚೀಲ ಕರಗಿಸಿದ್ದೋ ಯಾರಿಗೆ ಗೊತ್ತು? ಗೊಬ್ಬರದ ಚೀಲವೂ ಪಾಲಿಥೀನೇ, ಫಿನಾಯಿಲ್ ಡಬ್ಬವೂ ಪಾಲಿಥೀನೇ. ಕರಗಿದ ಮೇಲೆ ಎಲ್ಲ ಒಂದೇ ಬಣ್ಣ. ಬಣ್ಣ ಮುಚ್ಚುವುದಕ್ಕೇ ಕಪ್ಪು ಮಾಡುವುದು! 2018ರ ನಿಯಮ ಮರುಬಳಕೆಯ ಪ್ಲಾಸ್ಟಿಕ್ ಆಹಾರಕ್ಕೆ ತಾಗಕೂಡದು ಅಂದಿತ್ತು. 2022ರಲ್ಲಿ ಸಡಿಲ ಮಾಡಿದರೂ ಪ್ರಾಧಿಕಾರದ ಮಾನದಂಡ ದಾಟಿ ಬಂದದ್ದಕ್ಕೆ ಮಾತ್ರ ಬಾಗಿಲು ತೆರೆದರು. ಕಪ್ಪು ಕವರು ಆ ಬಾಗಿಲಲ್ಲಿ ಬಂದದ್ದಲ್ಲ.

ಕ್ಯಾನ್ಸರ್ ಮಾತು

ಸಚಿವರು ಕ್ಯಾನ್ಸರ್ ಅಂದರು, ಊರೆಲ್ಲ ಕ್ಯಾನ್ಸರ್ ಅಂದಿತು. ಮೊಬೈಲಿನಲ್ಲಿ ಓಡಾಡಿದ ಸಂದೇಶಗಳು ಇನ್ನೂ ಮುಂದೆ ಹೋಗಿ, ಹಬೆಯಲ್ಲಿ ಡಯಾಕ್ಸಿನ್ ಹುಟ್ಟುತ್ತದೆ ಅಂದವು. ಇದು ಶುದ್ಧ ಗಾಳಿಮಾತು. ಡಯಾಕ್ಸಿನ್ ಹುಟ್ಟುವುದು ಕ್ಲೋರಿನ್ ಇರುವ ಪ್ಲಾಸ್ಟಿಕ್ಕನ್ನು, ಮುಖ್ಯವಾಗಿ ಪಿವಿಸಿಯನ್ನು, ಸುಟ್ಟಾಗ. ಪಾಲಿಥೀನ್‌ನಲ್ಲಿ ಕ್ಲೋರಿನ್ ಇಲ್ಲ, ಇಡ್ಲಿ ಪಾತ್ರೆಯಲ್ಲಿ ಬೆಂಕಿ ಇಲ್ಲ. ಬೆಳಗಿನ ಹೊತ್ತು ಬೀದಿ ಬದಿಯಲ್ಲಿ ಕಸ ಗುಡ್ಡೆ ಹಾಕಿ ಬೆಂಕಿ ಇಡುತ್ತಾರಲ್ಲ, ಆ ಹೊಗೆಯಲ್ಲಿ ಬೇಕಾದರೆ ಹುಡುಕಲಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವಸ್ತುಗಳನ್ನು ಗುಂಪು ಮಾಡಿದೆ. ಪಾಲಿಥೀನ್ ಮೂರನೇ ಗುಂಪಿನಲ್ಲಿದೆ. ಅಂದರೆ ಕ್ಯಾನ್ಸರ್ ತರುತ್ತದೆ ಎಂದು ಹೇಳಲು ಸಾಕ್ಷ್ಯವಿಲ್ಲ. ಪಿವಿಸಿಯ ಮೂಲ ವಸ್ತುವಾದ ವಿನೈಲ್ ಕ್ಲೋರೈಡ್ ಒಂದನೇ ಗುಂಪಿನಲ್ಲಿದೆ, ಖಚಿತ ಅಪರಾಧಿ. ಥರ್ಮೊಕೋಲ್ ತಟ್ಟೆ, ಲೋಟಗಳ ಮೂಲವಾದ ಸ್ಟೈರೀನ್ 'ಬಹುತೇಕ' ಅನ್ನುವ ಗುಂಪಿಗೆ ಬಡ್ತಿ ಪಡೆದದ್ದು 2018ರಲ್ಲಿ. ಪಿವಿಸಿಯನ್ನು ಮೆತ್ತಗೆ ಮಾಡುವ ಡಿಇಎಚ್‌ಪಿ ಎಂಬ ಥಾಲೇಟು 'ಇರಬಹುದು' ಅನ್ನುವ ಗುಂಪಿನಲ್ಲಿದೆ. ಅದರ ಮೇಲಿರುವ ಇನ್ನೊಂದು ದೂರೇ ದೊಡ್ಡದು, ಗಂಡಸುತನದ ಹಾರ್ಮೋನಿಗೆ ಅಡ್ಡ ಬರುತ್ತದೆ ಅನ್ನುವುದು. ಒಳ್ಳೆ ಪಾಲಿಥೀನಿಗೆ ಥಾಲೇಟಿನ ಅಗತ್ಯವೇ ಇಲ್ಲ. ಆದರೆ ಗುಜರಿಯ ಬೆರಕೆಯಲ್ಲಿ ಪಿವಿಸಿಯ ಪೈಪೋ, ಪರದೆಯೋ ಸೇರಿಕೊಂಡಿಲ್ಲ ಅಂತ ಪ್ರಮಾಣ ಮಾಡುವವರು ಯಾರು?

ಪ್ಲಾಸ್ಟಿಕ್ ಎಂಬುದು ಒಂದೇ ಜಾತಿಯಲ್ಲ. "ಪ್ಲಾಸ್ಟಿಕ್ ವಿಷ" ಅನ್ನುವುದೂ, "ಏನಾಗಲ್ಲ ತಿನ್ರಿ" ಅನ್ನುವುದೂ ಎರಡೂ ಸೋಮಾರಿ ಮಾತು.

ಇನ್ನು ಪರಿಣತರ ಲೆಕ್ಕವಾದರೂ ಕಲ್ಲಿನಲ್ಲಿ ಕೆತ್ತಿದ್ದೇ ಅಂದರೆ ಅದೂ ಅಲ್ಲ. ಗಟ್ಟಿ ನೀರಿನ ಕ್ಯಾನಿಗೆ, ತಗಡಿನ ಡಬ್ಬದ ಒಳ ಲೇಪಕ್ಕೆ ಬಳಸುತ್ತಿದ್ದ ಬಿಸ್ಫೆನಾಲ್-ಎ ಎಂಬ ವಸ್ತುವಿನ ಕಥೆ ನೋಡಿ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ, ಮನುಷ್ಯನ ಒಂದು ಕಿಲೋ ತೂಕಕ್ಕೆ ದಿನಕ್ಕೆ 4 ಮೈಕ್ರೋಗ್ರಾಂ ಹೊಟ್ಟೆಗೆ ಹೋದರೆ ತೊಂದರೆಯಿಲ್ಲ ಎಂದಿತು. ಅದೇ ಪ್ರಾಧಿಕಾರ 2023ರ ಏಪ್ರಿಲಿನಲ್ಲಿ ಅದನ್ನು 0.2 ನ್ಯಾನೋಗ್ರಾಂಗೆ ಇಳಿಸಿತು. ಇಪ್ಪತ್ತು ಸಾವಿರ ಪಟ್ಟು ಕಡಿತ! ಇಲಿಗಳ ರೋಗನಿರೋಧಕ ಕಣಗಳಲ್ಲಿ ಕಂಡ ವ್ಯತ್ಯಾಸವನ್ನು ಅವರು ಗಣನೆಗೆ ತೆಗೆದುಕೊಂಡಿದ್ದರು. ಜರ್ಮನಿಯ ಅಪಾಯ ಮಾಪನ ಸಂಸ್ಥೆ ಒಪ್ಪಲಿಲ್ಲ; 200 ನ್ಯಾನೋಗ್ರಾಂ ಸಾಕು ಅಂದಿತು. ಒಂದೇ ವಸ್ತು, ಅದೇ ದತ್ತಾಂಶ, ಪಕ್ಕದ ಪಕ್ಕದ ವಿದ್ವಾಂಸರ ನಡುವೆ ಸಾವಿರ ಪಟ್ಟು ಅಂತರ. ಕೊನೆಗೆ ಯೂರೋಪು 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಾಗುವ ಸಾಮಾನುಗಳಲ್ಲಿ ಅದನ್ನು ನಿಷೇಧಿಸಿ, ಹೆಚ್ಚಿನ ವಸ್ತುಗಳಿಗೆ 18 ತಿಂಗಳ ಗಡುವು ಕೊಟ್ಟಿತು.

ಸೊನ್ನೆ ತಪ್ಪಿದ ಕಥೆಯೂ ಒಂದುಂಟು. 2024ರಲ್ಲಿ ಅಮೆರಿಕದ ಸಂಶೋಧಕರು ಕಪ್ಪು ಪ್ಲಾಸ್ಟಿಕ್ ಸೌಟುಗಳಲ್ಲಿ ಹಳೆಯ ಟೀವಿ, ಕಂಪ್ಯೂಟರುಗಳ ಗುಜರಿಯಿಂದ ಬಂದ ಬೆಂಕಿ ನಿರೋಧಕ ರಾಸಾಯನಿಕ ಪತ್ತೆಹಚ್ಚಿದರು. ಜಗತ್ತಿನ ಪತ್ರಿಕೆಗಳೆಲ್ಲ ಕೂಗಿದವು, ಸೌಟುಗಳು ಕಸದ ಬುಟ್ಟಿ ಸೇರಿದವು. ಆಮೇಲೆ ನೋಡಿದರೆ 60 ಕಿಲೋ ಮನುಷ್ಯನಿಗೆ 7,000 ನ್ಯಾನೋಗ್ರಾಂನಂತೆ ಗುಣಿಸುವಾಗ 4,20,000 ಬರೆಯುವಲ್ಲಿ 42,000 ಬರೆದುಬಿಟ್ಟಿದ್ದರು. ಅಂಗಡಿ ಗುಮಾಸ್ತ ಇಂಥ ತಪ್ಪು ಮಾಡಿದ್ದರೆ ಸಂಜೆಗೆ ಲೆಕ್ಕ ಚುಕ್ತಾ ಆಗುತ್ತಿತ್ತು! ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಆದರೆ ಸೊನ್ನೆ ಹೋದರೂ ಸೌಟಿನಲ್ಲಿ ಟೀವಿಯ ಗುಜರಿ ಇದ್ದದ್ದು ಸುಳ್ಳಾಗಲಿಲ್ಲ. ಅದು ಅಲ್ಲಿ ಇರಬೇಕಾದದ್ದೇ ಅಲ್ಲ. ಇಡ್ಲಿ ಹಾಳೆಯದೂ ಇದೇ ಬಗೆಯ ವಿಚಾರ.

ಸರ್ಟಿಫಿಕೇಟು ಯಾರ ಹತ್ತಿರ?

ಈಗ ಎರಡನೇ ಪ್ರಶ್ನೆಗೆ ಬರೋಣ. ನಿಯಮದ ಪ್ರಕಾರ ಆಹಾರಕ್ಕೆ ನೇರ ತಾಗುವ ಪ್ಯಾಕಿಂಗ್ ಸಾಮಾನಿಗೆ ಮಾನ್ಯತೆ ಪಡೆದ ಪ್ರಯೋಗಾಲಯದ ಅನುಸರಣಾ ಪ್ರಮಾಣಪತ್ರ ಇರಬೇಕು. ಅದನ್ನು ಪಡೆದುಕೊಳ್ಳಬೇಕಾದವನು ಯಾರು? ಆಹಾರದ ಉದ್ದಿಮೆದಾರ. ಬಿಸ್ಕತ್ತಿನ ದೊಡ್ಡ ಕಂಪನಿಗೆ ಇದು ಕಷ್ಟವಲ್ಲ. ಅವರಿಗೆ ಹಾಳೆ ಕೊಡುವವನೇ ಕಾಗದ ಸಮೇತ ಬಂದು ನಿಲ್ಲುತ್ತಾನೆ. ಆದರೆ ಕಾನೂನಿನ ಕಣ್ಣಿಗೆ ಬಸ್ ನಿಲ್ದಾಣದ ಹಿಂದಿನ ಗಾಡಿಯಲ್ಲಿ ನಾಲ್ಕು ಸೇರು ಅಕ್ಕಿ ಹಿಟ್ಟು ಖರ್ಚು ಮಾಡುವ ಹೆಂಗಸೂ ಉದ್ದಿಮೆದಾರಳೇ. ಆಕೆ ಕಾಲು ಕಿಲೋ ಕವರು ಕೊಂಡು "ಅಣ್ಣಾ, ಇದಕ್ಕೆ ಸರ್ಟಿಫಿಕೇಟ್ ಕೊಡು" ಅಂದರೆ ಅಂಗಡಿಯವನು ನಕ್ಕಾನು. ಅವನಿಗೆ ಕೊಟ್ಟ ಹೋಲ್‌ಸೇಲಿನವನೂ ನಕ್ಕಾನು. ಬಿಲ್ಲೇ ಇಲ್ಲದ ಮೇಲೆ ಸರ್ಟಿಫಿಕೇಟು ಎಲ್ಲಿಂದ?

ಅಧಿಕಾರಿಗಳ ಜೀಪೂ ಎರಡು ದಾರಿ ಹಿಡಿಯುತ್ತದೆ. ಇಡ್ಲಿ ನೋಡುವುದು ಆರೋಗ್ಯ ಇಲಾಖೆಯ ಆಹಾರ ಸುರಕ್ಷತಾ ವಿಭಾಗ. ಪ್ಲಾಸ್ಟಿಕ್ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ನಗರಸಭೆ, ಪಾಲಿಕೆ. ಇವರಿಗೆ ಬೇಕಾದ್ದು ಹಾಳೆಯ ದಪ್ಪ, ಅವರಿಗೆ ಬೇಕಾದ್ದು ಇಡ್ಲಿಯ ಗುಣ. ಹಾಳೆಯ ಗುಣ ಯಾರಿಗೂ ಬೇಡ! ಕೈಚೀಲದ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಇರಬೇಕೆಂದು ಕೇಂದ್ರದ ಆಜ್ಞೆ. ದಪ್ಪ ಜಾಸ್ತಿಯಾದರೆ ಕಸ ಆಯುವವನಿಗೆ ಅನುಕೂಲ, ನಿಜ. ಊಟಕ್ಕೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಗುಜರಿಯ ಮಾಲು ದಪ್ಪಗಾದರೆ ದಪ್ಪ ಗುಜರಿ, ಅಷ್ಟೇ.

ಕರ್ನಾಟಕವಂತೂ ಕೇಂದ್ರಕ್ಕಿಂತ ಮುಂಚೆ, 2016ರ ಮಾರ್ಚಿನಲ್ಲೇ, ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲವನ್ನೂ ದಪ್ಪದ ಲೆಕ್ಕವಿಲ್ಲದೆ ನಿಷೇಧಿಸಿತು. ಮೇಜಿನ ಮೇಲೆ ಹಾಸುವ ಹಾಳೆ ಅಂತ ಬರೆದವರಿಗೆ ಅದು ಮೇಜಿನಿಂದ ಇಳಿದು ಇಡ್ಲಿ ಪಾತ್ರೆಯೊಳಗೆ ಕೂರುತ್ತದೆ ಅಂತ ಹೊಳೆಯಲಿಲ್ಲ ಪಾಪ. ಒಂಬತ್ತು ವರ್ಷ ಕಳೆದ ಮೇಲೆ 52 ಕಡೆ ಹಾಳೆ ಸಿಕ್ಕಿತು ಅಂದರೆ ಅದು 52 ಜನರ ತಪ್ಪೋ, ಒಂಬತ್ತು ವರ್ಷದ ತಪ್ಪೋ?

ಇಷ್ಟಕ್ಕೂ ಪರೀಕ್ಷೆಗೆ ದೂರದ ದೇಶಕ್ಕೆ ಹೋಗಬೇಕಿಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಿಂದ ಕೂತಿರುವ ಸಿಎಫ್‌ಟಿಆರ್‌ಐಗೆ ಆಹಾರ ಪ್ಯಾಕಿಂಗ್‌ಗೆ ಅಂತಲೇ ಒಂದು ವಿಭಾಗವಿದೆ. ದೇಶದ ಬೇರೆ ಪ್ರಯೋಗಾಲಯಗಳ ವರದಿಯ ಮೇಲೆ ತಕರಾರು ಬಂದರೆ ತೀರ್ಪು ಹೇಳುವ ರೆಫರಲ್ ಪ್ರಯೋಗಾಲಯವೂ ಅದೇ. ಮನೆ ಬಾಗಿಲಲ್ಲೇ ತಕ್ಕಡಿ ಇಟ್ಟುಕೊಂಡು ಕೈ ಅಂದಾಜಿನಲ್ಲಿ ತೂಗಿದ ಹಾಗಾಯಿತು ನಮ್ಮ ರಾಜ್ಯದ ಕಥೆ.

ಲೋಟದೊಳಗಿನ ಲೇಪ

ಹಾಳೆ ಬಿಟ್ಟು ಪೇಪರ್ ಲೋಟ ಹಿಡಿದವರು ಪಾರಾದೆವು ಅಂದುಕೊಂಡರೆ ಅದೂ ಇಲ್ಲ. ಪೇಪರ್ ಲೋಟ ಚಹಾಕ್ಕೆ ನೆನೆಯದೆ ನಿಲ್ಲುವುದೇ ಒಳಗಿನ ಪ್ಲಾಸ್ಟಿಕ್ ಲೇಪದಿಂದ. ಖರಗ್‌ಪುರ ಐಐಟಿಯವರು 2020ರಲ್ಲಿ ಅಂಥ ಲೋಟಕ್ಕೆ 100 ಮಿಲಿಲೀಟರ್ ಬಿಸಿನೀರು ಹುಯ್ದು ಹದಿನೈದು ನಿಮಿಷ ಬಿಟ್ಟರು. ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಬಂದಿದ್ದವು. ಹದಿನೈದು ನಿಮಿಷ ಚಹಾ ಹಿಡಿದು ಕೂರುವವರು ಬಸ್ ನಿಲ್ದಾಣದಲ್ಲಿ ಕಡಿಮೆ, ಅದು ಬೇರೆ ಮಾತು. ಕಣದ ಎಣಿಕೆಯೂ ಕಾಯಿಲೆಯ ಎಣಿಕೆಯೂ ಒಂದೇ ಅಲ್ಲ. ಆದರೂ ಗಾಜಿನ ಲೋಟ, ಸ್ಟೀಲ್ ಲೋಟ ತೊಳೆಯಲು ಬೇಸರಪಟ್ಟು ಪೇಪರಿಗೆ ಹೋದವರು, ಬಟ್ಟೆ ಒಗೆಯಲು ಬೇಸರಪಟ್ಟು ಹಾಳೆಗೆ ಹೋದವರ ಒಡಹುಟ್ಟಿದವರೇ.

ಇನ್ನು ಬೋಂಡ, ವಡೆ ಕಟ್ಟಿಕೊಡುವ ಹಳೆ ಪತ್ರಿಕೆ. ಅದಕ್ಕೂ 2018ರ ನಿಯಮದಲ್ಲಿ ನಿಷೇಧವಿದೆ. ಶಾಯಿಯಲ್ಲಿ ಸೀಸ ಮುಂತಾದ ಲೋಹಗಳಿರುತ್ತವೆ, ಎಣ್ಣೆ ಅದನ್ನು ಎಳೆದುಕೊಳ್ಳುತ್ತದೆ ಎಂದು 2023ರ ಸೆಪ್ಟೆಂಬರಿನಲ್ಲಿ ಪ್ರಾಧಿಕಾರ ಮತ್ತೊಮ್ಮೆ ಎಚ್ಚರಿಸಿತು. ಸಂಜೆ ಪತ್ರಿಕೆಗೂ ಇದು ಅನ್ವಯ. ಓದಿ ಮುಗಿದ ಮೇಲೆ ವಡೆ ಸುತ್ತಲು ಕೊಡಬೇಡಿ.

ಡಬ್ಬದ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದಲ್ಲ, 1, 2, 5 ಅಂತ. ಬಹಳ ಜನ ಅದನ್ನೇ ಸುರಕ್ಷತೆಯ ಮುದ್ರೆ ಅಂದುಕೊಂಡಿದ್ದಾರೆ. ಆ ಅಂಕಿ ಗುಜರಿಯವರಿಗಾಗಿ, ಊಟ ಮಾಡುವವರಿಗಲ್ಲ. 5 ಅಂದರೆ ಪಾಲಿಪ್ರೊಪಿಲೀನ್, ಬಿಸಿ ತಾಳುವ ಜಾತಿ, ಅಷ್ಟು ಮಾತ್ರ ತಿಳಿಯುತ್ತದೆ. ಅದಕ್ಕೆ ಏನು ಬೆರೆಸಿದ್ದಾರೆ, ಹೊಸದೋ ಹಳೆಯದೋ ತಿಳಿಯುವುದಿಲ್ಲ. ಕವರ್ ಮಾರುವ ಅಂಗಡಿಯವರು ತಯಾರಕರ ಹೆಸರು, ನೋಂದಣಿ ನಂಬರ್ ಅಚ್ಚಾದ ಮಾಲನ್ನೇ ಬಿಲ್ ಸಮೇತ ತರಿಸಿಕೊಂಡರೆ ನಾಳೆ ಜೀಪ್ ಬಂದಾಗ ತೋರಿಸಲು ಒಂದು ಕಾಗದವಾದರೂ ಇರುತ್ತದೆ. ಇಲ್ಲದಿದ್ದರೆ ಸಾಲಿನಲ್ಲಿ ಕೊನೆಯವನೇ ಕಳ್ಳ.

ಇಡ್ಲಿಗೆ ಬಟ್ಟೆಯೇ ಆಗಬೇಕೆಂದೂ ಇಲ್ಲ. ಕರಾವಳಿಯಲ್ಲಿ ಮೂಡೆ, ಕೊಟ್ಟೆ ಕಡುಬು ಇಂದಿಗೂ ಎಲೆಯಲ್ಲೇ ಬೇಯುತ್ತವೆ. ಬಿಡದಿಯ ಕಡೆಯ ತಟ್ಟೆ ಇಡ್ಲಿಗೆ ತಟ್ಟೆಗೆ ಸವರಿದ ಒಂದು ತೊಟ್ಟು ಎಣ್ಣೆ ಸಾಕು. ಬಾಳೆ ಎಲೆ ತುಂಡು ಹಾಕಿದರೂ ಇಡ್ಲಿ ಏಳುತ್ತದೆ. ಗಾಡಿಗಳಿಗೆ ಬೇಕಾದ್ದು ನೀರು. ಬೀದಿ ಬದಿ ವ್ಯಾಪಾರಿಗಳಿಂದ ಸುಂಕ ಎತ್ತುವ ಊರುಗಳಲ್ಲಿ ಗಾಡಿಗಳು ನಿಲ್ಲುವ ಕಡೆ ಒಂದು ನಲ್ಲಿ ಹಾಕಿಸಿದ್ದರೆ ಅರ್ಧ ಹಾಳೆ ತಾನಾಗಿ ಮಾಯವಾಗುತ್ತಿತ್ತು.

ಇನ್ನೊಮ್ಮೆ ತಪಾಸಣೆಗೆ ಹೊರಡುವ ಅಧಿಕಾರಿಗಳು ಇಡ್ಲಿಯ ಜೊತೆಗೆ ಹಾಳೆಯ ಒಂದು ಮೊಳವನ್ನೂ ಕತ್ತರಿಸಿ ತರಲಿ. ಅದು ಯಾವ ಅಂಗಡಿಯದೆಂದು ಕೇಳಿ ಬರೆದುಕೊಳ್ಳಲಿ. ಆ ಅಂಗಡಿಗೆ ಹೋಗಿ ಇನ್ನೊಂದು ಮೊಳ, ಅಲ್ಲಿಂದ ಗೋದಾಮಿಗೆ ಹೋಗಿ ಮತ್ತೊಂದು ಮೊಳ. ಪಾಲಿಕೆಯವರನ್ನೂ ಅದೇ ಜೀಪಿನಲ್ಲಿ ಕೂರಿಸಿಕೊಳ್ಳಲಿ. ನೂರು ಡಿಗ್ರಿಯ ವಿನಿಗರಿನಲ್ಲಿ ಎರಡು ಗಂಟೆ ಮುಳುಗಿಸಿ ತೆಗೆದರೆ ಆ ಮೂರು ತುಂಡುಗಳೇ ಹೇಳುತ್ತವೆ, ದಂಡದ ರಸೀದಿಯಲ್ಲಿ ಯಾರ ಹೆಸರು ಬರೆಯಬೇಕೆಂದು.